ಮೂರನೇ ನೀರು

ಸ್ಟ್ಯಾಂಪು ಸುರುಳಿ ಸುತ್ತಿಕೊಂಡರೆ ತಪ್ಪು ಸ್ಟ್ಯಾಂಪಿನದಲ್ಲ, ನೀರಿನಲ್ಲಿ ನೆನೆಸಿದವರದು. ಇದು ನಮ್ಮಪ್ಪನ ಮಾತು. ಎಂಟು ವರ್ಷದವಳಿದ್ದಾಗ ಮೊದಲ ಸಲ ಕೇಳಿದೆ, ಈಗ ನಲವತ್ತಾರು, ಇನ್ನೂ ಕೇಳುತ್ತಿದ್ದೇನೆ. ಸ್ಟ್ಯಾಂಪಿನ ವಿಷಯದಲ್ಲಿ ಅಪ್ಪ ಹೇಳಿದ್ದು ಒಂದೇ ಒಂದು ಸಲವೂ ಸುಳ್ಳಾಗಿಲ್ಲ. ನನ್ನ ಹೊಟ್ಟೆ ಉರಿಸುವುದು ಅದೇ.

ನಮ್ಮ ಮನೆಯಲ್ಲಿ ಭಾನುವಾರ ಎಂದರೆ ನೆನೆಸುವ ದಿನ. ಅಪ್ಪ ಭೂಮಾಪನ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದವರು. ಸ್ಟ್ಯಾಂಪು ಕೂಡಿಸುವವರ ಸಂಘದಲ್ಲಿ ಅವರನ್ನು ಎಲ್ಲರೂ ನಕ್ಷೆ ಸಾಹೇಬ್ರು ಎಂದೇ ಕರೆಯುತ್ತಿದ್ದರು. ವಾರವಿಡೀ ಲಕೋಟೆಗಳಿಂದ ಕತ್ತರಿಸಿದ ಮೂಲೆಗಳನ್ನು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಡುತ್ತಿದ್ದರು. ಭಾನುವಾರ ಬೆಳಿಗ್ಗೆ ಆ ಡಬ್ಬಿ ಅಡುಗೆಮನೆಯ ಮೇಜಿಗೆ ಬರುತ್ತಿತ್ತು. ಅಲ್ಲಿಂದ ಮುಂದಿನದು ನನ್ನ ಕೆಲಸ. ಬಿಳಿ ಬೇಸಿನ್ನಿಗೆ ಉಗುರು ಬೆಚ್ಚಗಿನ ನೀರು ಹಾಕಿ ಮೂಲೆಗಳನ್ನು ತೇಲಿಬಿಟ್ಟು, ಕಾಗದ ತಾನಾಗಿ ಬಿಟ್ಟುಕೊಡುವ ತನಕ ಸುಮ್ಮನೆ ಕಾಯಬೇಕು. ಆತುರಪಟ್ಟು ಎಳೆದರೆ ಸ್ಟ್ಯಾಂಪಿನ ಬೆನ್ನು ಕಿತ್ತುಬರುತ್ತದೆ. ಬಿಟ್ಟ ಮೇಲೆ ಎರಡನೇ ಬೇಸಿನ್ನಿನ ಹೊಸ ನೀರು. ಅಲ್ಲಿ ಹೆಬ್ಬೆರಳಿನಿಂದ ಬೆನ್ನು ಸವರಿ ನೋಡಬೇಕು. ಲೋಳೆ ಲೋಳೆ ಎನ್ನಿಸಿದರೆ ಅಂಟು ಇನ್ನೂ ಇದೆ. ಆ ಅಂಟು ಒಣಗುವಾಗ ಬಿಗಿದುಕೊಂಡು ಸ್ಟ್ಯಾಂಪನ್ನು ತನ್ನ ಕಡೆಗೆ ಎಳೆಯುತ್ತದೆ. ಸುರುಳಿ ಸುತ್ತುವುದು ಹಾಗೆ. ಪೂರ್ತಿ ಬಿಟ್ಟದ್ದನ್ನು ಬೆನ್ನು ಮೇಲೆ ಮಾಡಿ ಬ್ಲಾಟಿಂಗ್ ಪೇಪರಿನ ಮೇಲೆ ಹರಡಿ, ಅರೆಬರೆ ಒಣಗಿದಾಗ ಬೇರೆ ಎರಡು ಬ್ಲಾಟಿಂಗ್ ಪೇಪರಿನ ನಡುವೆ ಇಟ್ಟು, ಮೇಲೆ ದಪ್ಪ ನಿಘಂಟು ಹೇರಬೇಕು. ಪೂರ್ತಿ ಒದ್ದೆಯಿದ್ದಾಗ ಹೇರಿದರೆ ಪೇಪರಿಗೇ ಕಚ್ಚಿಕೊಳ್ಳುತ್ತದೆ. ಪೂರ್ತಿ ಒಣಗಿದ ಮೇಲೆ ಹೇರಿದರೆ ಆಗಲೇ ಮುದುರಿರುತ್ತದೆ.

ಎಲ್ಲ ಸ್ಟ್ಯಾಂಪುಗಳೂ ಎರಡು ನೀರಿಗೆ ಮಣಿಯುತ್ತಿದ್ದವು, ಒಂದರ ಹೊರತು. ತಿಂಗಳಿಗೊಮ್ಮೆ ಡಬ್ಬಿಯಲ್ಲಿ ಒಂದು ಮೂಲೆ ಬರುತ್ತಿತ್ತು, ಯಾವಾಗಲೂ ಒಂದೇ ಊರಿನ ಅಂಚೆ ಮುದ್ರೆ. ಅದನ್ನು ಹಚ್ಚಿದ ಪುಣ್ಯಾತ್ಮರು ಸ್ಟ್ಯಾಂಪಿನ ಅಂಟು ಸಾಲದೆಂದು ಮೇಲಿಂದ ಮೈದಾ ಹಿಟ್ಟಿನ ಅಂಟನ್ನು ದೋಸೆ ಹುಯ್ದ ಹಾಗೆ ಬಳಿದಿರುತ್ತಿದ್ದರು. ಮೂರನೇ ನೀರು ಅದಕ್ಕೇ ಬೇಕಿತ್ತು, ಒಮ್ಮೊಮ್ಮೆ ನಾಲ್ಕನೆಯದೂ. ಒಂದು ಚೂರು ಉಳಿದರೂ ಮಾರನೆಯ ದಿನ ನಿಘಂಟು ಎತ್ತಿದಾಗ ಎಳೆಬೆಂಡೆಕಾಯಿಯಂತೆ ಸುತ್ತಿಕೊಂಡು ಕೂತಿರುತ್ತಿತ್ತು. ಅಪ್ಪ ಬೈಯುತ್ತಿರಲಿಲ್ಲ. ಚಿಮಟದಲ್ಲಿ ಎತ್ತಿ ನನ್ನ ಮುಂದೆ ಇಟ್ಟು ಬೇಸಿನ್ನಿನ ಕಡೆ ನೋಡುತ್ತಿದ್ದರು, ಅಷ್ಟೆ. ಓರಗೆಯವರು ಬೀದಿಯಲ್ಲಿ ಕುಣಿಯುತ್ತಿರುವಾಗ ನಾನು ಬೆರಳ ತುದಿ ಸುಕ್ಕುಗಟ್ಟುವ ತನಕ ಆ ಅಂಟನ್ನು ತಿಕ್ಕುತ್ತಿದ್ದೆ. ಒಂದು ಭಾನುವಾರ ತಡೆಯಲಾರದೆ, ಇಷ್ಟು ಅಂಟು ಬಳಿಯುವವರ ಕೈ ಬಿದ್ದುಹೋಗಲಿ ಎಂದು ಗಟ್ಟಿಯಾಗಿಯೇ ಶಾಪ ಹಾಕಿದೆ. ಅಪ್ಪ ನಕ್ಕುಬಿಟ್ಟರು. ನಗುವ ಜಾತಿಯ ಮನುಷ್ಯನಲ್ಲ ಅವರು. ಅವತ್ತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಪ್ಪನನ್ನು ನಗಿಸಿದೆನೆಂದು ನನಗೆ ಎಷ್ಟು ಹಿಗ್ಗಾಯಿತೆಂದರೆ ಆಮೇಲೆ ತಿಂಗಳು ತಿಂಗಳೂ ಅದೇ ಶಾಪ ಹಾಕುತ್ತಿದ್ದೆ.

ಆ ಸ್ಟ್ಯಾಂಪುಗಳನ್ನು ಅಪ್ಪ ಬೇರೆಯೇ ಹಾಳೆಗಳಲ್ಲಿ ಜೋಡಿಸಿದರು. ಒಂದೇ ಊರಿನ ಮುದ್ರೆ, ತಿಂಗಳಿಗೊಂದರಂತೆ ಹನ್ನೊಂದು ವರ್ಷ, ಒಟ್ಟು ಆರು ಹಾಳೆ. ಮುದ್ರೆಯ ಉಂಗುರದಲ್ಲಿ ಬಲಗಡೆ ಒಂದು ಸೀಳು ಇತ್ತು. ಅದು ವರ್ಷದಿಂದ ವರ್ಷಕ್ಕೆ ಹೇಗೆ ಅಗಲವಾಯಿತೆಂದು ಕೆಳಗೆ ನಕ್ಷೆಯ ಅಕ್ಷರದಲ್ಲಿ ಬರೆದಿದ್ದರು. ನಡುವೆ ಮೂರು ತಿಂಗಳ ಜಾಗ ಖಾಲಿ. ಆ ಮೂರು ತಿಂಗಳು ಅಪ್ಪ ಕಂಗಾಲಾಗಿ ಓಡಾಡಿದ್ದು ನನಗೆ ಚೆನ್ನಾಗಿ ನೆನಪಿದೆ. ನಮ್ಮ ಮನೆಗೆ ಪೋಸ್ಟ್‌ಮ್ಯಾನ್ ಬರುತ್ತಿರಲಿಲ್ಲ. ಸ್ಟ್ಯಾಂಪಿನ ವ್ಯವಹಾರಕ್ಕೆಂದು ಅಪ್ಪ ದೊಡ್ಡ ಪೋಸ್ಟಾಫೀಸಿನಲ್ಲಿ ಒಂದು ಪೆಟ್ಟಿಗೆ ಬಾಡಿಗೆಗೆ ಹಿಡಿದಿದ್ದರು, ಮನೆಯ ಟಪಾಲೆಲ್ಲ ಅಲ್ಲಿಗೇ. ಕೀಲಿ ಒಂದೇ, ಅದು ಅವರ ಜೇಬಿನಲ್ಲಿ. ಆ ಆರು ಹಾಳೆಗೆ ಸಂಘದ ಪ್ರದರ್ಶನದಲ್ಲಿ ಕಂಚಿನ ಪದಕ ಬಂತು. ಅದು ಈಗಲೂ ಹಜಾರದ ಗೋಡೆಯ ಮೇಲಿದೆ. ಫ್ರೇಮು ಹಾಕಿದವಳು ನಾನೇ.

ಹೌದು, ಫ್ರೇಮು ಹಾಕುವುದೇ ನನ್ನ ಕಸುಬು. ಕಾಗದವನ್ನು ಮುದುರದಂತೆ ಇಡುವ ವಿದ್ಯೆ ಅಪ್ಪನಿಂದ ಬಂತು, ಅದನ್ನೇ ಹೊಟ್ಟೆಪಾಡು ಮಾಡಿಕೊಂಡೆ. ಬೀದಿಯವರಿಗೆಲ್ಲ ನಾನು ಫ್ರೇಮಕ್ಕ. ಮದುವೆಯಾಗಲಿಲ್ಲ. ಅಪ್ಪನನ್ನು ನೋಡಿಕೊಳ್ಳುವವರು ಯಾರು ಎಂದು ಅಪ್ಪನೇ ಕೇಳಿದ್ದರು, ನನಗೂ ಅದು ನ್ಯಾಯವಾದ ಪ್ರಶ್ನೆ ಎನ್ನಿಸಿತ್ತು.

ಅಮ್ಮನ ವಿಷಯ ಹೇಳಲಿಲ್ಲ. ನನಗೆ ಎಂಟು ವರ್ಷವಿದ್ದಾಗ ಅಮ್ಮ ಒಂದು ಚಿಕ್ಕ ಟ್ರಂಕು ಹಿಡಿದು ಮನೆಬಿಟ್ಟು ಹೋದಳು. ಎಲ್ಲಿಗೆ ಎಂದು ಕೇಳಿದರೆ ಯಾರಿಗೆ ಗೊತ್ತು ಎನ್ನುತ್ತಿದ್ದರು ಅಪ್ಪ. ಮೊದಮೊದಲು ನಾನು ದಿನಾ ಕೇಳುತ್ತಿದ್ದೆ, ಕಾಗದ ಬಂತಾ ಎಂದು. ಆಮೇಲೆ ವಾರಕ್ಕೊಮ್ಮೆ. ಒಂದು ದಿನ ಅಪ್ಪ ನನ್ನನ್ನು ಪಕ್ಕ ಕೂರಿಸಿಕೊಂಡು, ಬರೆಯುವ ಮನಸ್ಸಿದ್ದವರು ಬರೆಯುತ್ತಾರೆ ಪುಟ್ಟಾ ಎಂದರು. ಅಲ್ಲಿಗೆ ಕೇಳುವುದನ್ನು ಬಿಟ್ಟೆ. ಮನಸ್ಸಿಗೊಂದು ಬೀಗ ಜಡಿದುಕೊಂಡೆ ಎಂದರೂ ಸರಿ.

ಮೊನ್ನೆ ಮೊನ್ನೆ ಒಂದು ಮಧ್ಯಾಹ್ನ ಅಂಗಡಿಯ ಬಾಗಿಲಿಗೆ ಒಬ್ಬರು ವಯಸ್ಸಾದ ಹೆಂಗಸು ಬಂದು ನಿಂತರು. ಗಿರಾಕಿ ಎಂದುಕೊಂಡು ಸ್ಟೂಲು ಎಳೆದುಕೊಟ್ಟೆ. ಕೂರಲಿಲ್ಲ. ನನ್ನ ಮುಖವನ್ನೇ ನೋಡುತ್ತ, ತಾನು ನನ್ನ ಚಿಕ್ಕಮ್ಮ ಎಂದರು, ಅಮ್ಮನ ತಂಗಿ. ಅಮ್ಮನಿಗೆ ಎರಡನೇ ಸಲ ಲಕ್ವ ಹೊಡೆದಿದೆ, ಆಸ್ಪತ್ರೆಯಲ್ಲಿದ್ದಾಳೆ, ಡಾಕ್ಟರು ವಾರದ ಮಾತು ಆಡುತ್ತಿದ್ದಾರೆ, ನಿನ್ನನ್ನೊಮ್ಮೆ ನೋಡಬೇಕಂತೆ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದರು. ದನಿಯಲ್ಲಿ ಬೇಡಿಕೆಗಿಂತ ಸಿಟ್ಟೇ ಹೆಚ್ಚಿತ್ತು.

ನನಗೂ ಸಿಟ್ಟು ಕಡಿಮೆಯೇನಿರಲಿಲ್ಲ. ಮೂವತ್ತೆಂಟು ವರ್ಷ ಇಲ್ಲದ ಮಗಳು ಈಗ ಎಲ್ಲಿಂದ ಹುಟ್ಟಿದಳು ಎಂದು ಕೇಳಿದೆ. ಬರುವುದಿಲ್ಲ ಎಂದೂ ಹೇಳಿದೆ. ಒಂದು ಸಾಲು ಬರೆಯಲು ಕೈ ಬರದವಳ ಹಾಸಿಗೆಯ ಪಕ್ಕ ನಾನು ಯಾಕೆ ಕೂರಲಿ ಎಂದೆ.

ಚಿಕ್ಕಮ್ಮ ನನ್ನನ್ನು ಹುಚ್ಚಿಯನ್ನು ನೋಡಿದ ಹಾಗೆ ನೋಡಿದರು.

"ನೀನು ಅಪ್ಪಟ ನಿಮ್ಮಪ್ಪನ ಮಗಳು ಕಣೇ. ಹನ್ನೊಂದು ವರ್ಷ ತಿಂಗಳಿಗೊಂದು ಕಾಗದ ಹಾಕಿ ಹಾಕಿ ಸೋತಳು ಅವಳು. ಒಂದಕ್ಕಾದ್ರೂ ಎರಡಕ್ಷರ ಉತ್ತರ ಬರೀಬಾರದಿತ್ತಾ?"

ಸುಳ್ಳು ಎಂದೆ. ಒಂದು ಚೀಟಿಯೂ ಬಂದಿಲ್ಲ ಎಂದೆ. ನನ್ನ ಕೈ ತನ್ನ ಪಾಡಿಗೆ ಒಂದು ಚಿತ್ರಕ್ಕೆ ಅಂಚಿನ ರಟ್ಟು ಕತ್ತರಿಸುತ್ತಿತ್ತು.

"ನಾನು ಕಣ್ಣಾರೆ ನೋಡಿದೀನಿ. ಪುಸ್ತಕ ಬೈಂಡಿಂಗ್ ಮಾಡೋ ಅಂಗಡೀಲಿ ಕೆಲಸಕ್ಕಿದ್ದಳಲ್ಲ, ಊಟದ ಹೊತ್ತಲ್ಲಿ ಅಲ್ಲೇ ಕೂತು ಬರೆಯೋಳು. ಸ್ಟ್ಯಾಂಪು ದಾರೀಲಿ ಉದುರಿಹೋದ್ರೆ ಕಾಗದ ಮಗೂ ಕೈ ಸೇರಲ್ಲ ಅಂತ, ಅಂಗಡಿ ಅಂಟು ತಗೊಂಡು ಮೇಲಿಂದ ಮೇಲೆ ಹಚ್ಚೋಳು. ಸಾಕು ಬಿಡೇ ಅಂದ್ರೂ ಕೇಳ್ತಿರಲಿಲ್ಲ."

ಕತ್ತಿ ರಟ್ಟನ್ನು ದಾಟಿ ನನ್ನ ಎಡಗೈಯ ಬೆರಳಿಗೆ ಬಂತು. ರಕ್ತ ಗಿರಾಕಿಯ ಚಿತ್ರಕ್ಕೆ ತಾಗದಂತೆ ಕೈ ಎತ್ತಿ ಹಿಡಿದುಕೊಂಡೆ. ಅದೂ ಅಪ್ಪ ಕಲಿಸಿದ್ದೇ. ಚಿಕ್ಕಮ್ಮ ಆಸ್ಪತ್ರೆಯ ವಿಳಾಸ ಬರೆದ ಚೀಟಿಯನ್ನು ಮೇಜಿನ ಮೇಲೆ ಇಟ್ಟರು. ಊರಿನ ಹೆಸರು ಓದಿದೆ. ಆ ಊರನ್ನು ನಾನು ಕಂಡಿರಲಿಲ್ಲ, ಆದರೆ ಆ ಹೆಸರನ್ನು ನೂರಕ್ಕೂ ಹೆಚ್ಚು ಸಲ ನೀರಿನಲ್ಲಿ ಅದ್ದಿ ತೆಗೆದಿದ್ದೆ. ಬಲಗಡೆ ಸೀಳಿರುವ ಉಂಗುರದೊಳಗಿನ ಹೆಸರು.

ಅವತ್ತೇ ಅಂಗಡಿ ಮುಚ್ಚಿ ಮನೆಗೆ ಹೋದೆ. ಅಪ್ಪ ಕಿಟಕಿಯ ಪಕ್ಕದ ಮೇಜಿನ ಮುಂದೆ ಭೂತಕನ್ನಡಿ ಹಿಡಿದು ಕೂತಿದ್ದರು. ಮುಂದಿನ ವಾರ ಸಂಘದ ಸುವರ್ಣ ವರ್ಷದ ಪ್ರದರ್ಶನ. ಆ ಆರು ಹಾಳೆಯನ್ನೇ ಮತ್ತೊಮ್ಮೆ ಇಡುವವರಿದ್ದರು. ಅಪ್ಪ ಆಲ್ಬಮ್ಮುಗಳನ್ನು ಎಂದೂ ಮಲಗಿಸಿ ಪೇರಿಸುವವರಲ್ಲ. ತೇವದ ಗೋಡೆಯಿಂದ ದೂರ, ನೆಟ್ಟಗೆ ನಿಲ್ಲಿಸಿ, ಒಂದಕ್ಕೊಂದು ಒತ್ತದಂತೆ ಇಟ್ಟು, ಗಾಳಿಯಾಡಲೆಂದು ತಿಂಗಳಿಗೊಮ್ಮೆ ಹಾಳೆ ಮಗುಚುತ್ತಿದ್ದರು. ನನಗೆ ಜ್ವರ ಬಂದರೂ ಆ ದಿನ ತಪ್ಪುತ್ತಿರಲಿಲ್ಲ. ಕಪಾಟಿನಿಂದ ಆ ಹಾಳೆಗಳನ್ನು ತೆಗೆದು ಅವರ ಮುಂದೆ ಹಿಡಿದೆ. ನೂರ ಇಪ್ಪತ್ತೊಂಬತ್ತು ಸ್ಟ್ಯಾಂಪು, ಒಂದೂ ಮುದುರಿರಲಿಲ್ಲ.

"ಇವು ಅಮ್ಮನ ಕಾಗದದವಾ?"

ಸುಳ್ಳು ಹೇಳಲಿ ಎಂದು ಒಂದು ಕ್ಷಣ ಆಸೆಪಟ್ಟೆ. ಅಪ್ಪ ಭೂತಕನ್ನಡಿಯನ್ನು ಬಟ್ಟೆಯಲ್ಲಿ ಒರೆಸಿ ಡಬ್ಬಿಯೊಳಗೆ ಇಟ್ಟರು. ಹೂಂ ಎಂದರು. ಕಾಗದಗಳು ಎಲ್ಲಿ ಎಂದು ಕೇಳಿದೆ. ಬಂದದ್ದನ್ನು ಬಂದ ಹಾಗೆ ಸುಟ್ಟೆ ಎಂದರು. ಓದಿದ್ರಾ ಎಂದರೆ, ಓದೋದಕ್ಕೆ ಏನಿತ್ತು ಬರೀ ಗೋಳು ಎಂದರು. ಅಂದರೆ ಓದಿದ್ದರು.

"ಎಲ್ಲಾನೂ ಸುಡಬೇಕಾಗಿತ್ತು. ಇವನ್ನ ಯಾಕೆ ಉಳಿಸಿದ್ರಿ?"

"ಸ್ಟ್ಯಾಂಪು ಸುಡೋಕೆ ಮನಸ್ಸು ಬರಲಿಲ್ಲಮ್ಮ," ಎಂದರು ಅಪ್ಪ. "ಅದೇನು ತಪ್ಪು ಮಾಡಿತ್ತು?"

ನಾನೇನು ತಪ್ಪು ಮಾಡಿದ್ದೆ ಎಂದು ಕೇಳಬೇಕಿತ್ತು. ಅವರು ಅಷ್ಟರಲ್ಲಿ, ನಿನ್ನನ್ನು ಸಾಕಿದವನು ನಾನು, ಅರ್ಧಕ್ಕೆ ಬಿಟ್ಟುಹೋದವಳಲ್ಲ, ಎಂದು ಶುರು ಮಾಡಿದರು. ಅದು ನಿಜವೇ. ನನಗೆ ಅನ್ನ ಹಾಕಿದವರು, ಜಡೆ ಹೆಣೆಯಲು ಕಲಿತವರು, ಪರೀಕ್ಷೆಯ ದಿನ ಶಾಲೆಯ ಗೇಟಿನ ತನಕ ಬರುತ್ತಿದ್ದವರು ಅವರೇ. ಮಗಳು ಒಬ್ಬರಿಗೇ ಸೇರಬೇಕು ಎಂಬುದು ಅವರ ಲೆಕ್ಕ. ಸ್ಟ್ಯಾಂಪಾದರೂ ಅಷ್ಟೆ, ಎರಡು ಆಲ್ಬಮ್ಮಿನಲ್ಲಿ ಇರಲಾರದಲ್ಲ. ನಾನು ಹಾಳೆಗಳನ್ನು ಒಂದೇ ಕೈಯಲ್ಲಿ ಎತ್ತಿಕೊಂಡದ್ದನ್ನು ಕಂಡು ಅಪ್ಪ, ಹಾಳೆ ಬಾಗಿಸಬೇಡ, ಕೆಳಗಿಂದ ಹಿಡಿ ಎಂದರು. ನಾನು ಕೆಳಗಿಂದಲೇ ಹಿಡಿದೆ. ಹಾಗೇ ಹಿಡಿದುಕೊಂಡು ಮನೆಯಿಂದ ಹೊರಟೆ.

ಬಸ್ಸಿನಲ್ಲಿ ಐದು ಗಂಟೆಯ ದಾರಿ. ಮೂವತ್ತೆಂಟು ವರ್ಷವೂ ಅಮ್ಮ ಇದ್ದದ್ದು ಬರೀ ಐದು ಗಂಟೆ ದೂರದಲ್ಲಿ. ಎರಡು ರಟ್ಟುಗಳ ನಡುವೆ ಹಾಳೆಗಳನ್ನಿಟ್ಟು ಕಟ್ಟಿ, ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಹೋದ ಕೂಡಲೇ ಎಲ್ಲ ಹೇಳಿಬಿಡಬೇಕು ಎಂದು ಗಟ್ಟಿ ಮಾಡಿಕೊಂಡೆ. ನೀನು ಬರೆದಿದ್ದೆ, ಅಪ್ಪ ಸುಟ್ಟರು, ನನಗೆ ಗೊತ್ತಿರಲಿಲ್ಲ. ಈ ಮೂರು ಮಾತು. ಅಮ್ಮ ಸಾಯುವ ಮೊದಲು ನಾನು ಕಲ್ಲಿನಂಥ ಮಗಳಲ್ಲ ಎಂಬುದು ಅವಳಿಗೆ ಗೊತ್ತಾಗಬೇಕಿತ್ತು. ನನಗೆ ಬೇರೇನೂ ಬೇಕಿರಲಿಲ್ಲ.

ಆಸ್ಪತ್ರೆಯ ಓಣಿಯಲ್ಲಿ ಚಿಕ್ಕಮ್ಮನಿಗೆ ಮೊದಲು ಹೇಳಿದೆ. ಅವರು ತಮ್ಮ ಬಾಯಿಗೆ ತಾವೇ ಬಡಿದುಕೊಂಡರು. ಇಷ್ಟು ವರ್ಷ ನಿನ್ನನ್ನು ಬೈದ ಬಾಯಿ ಇದು ಎಂದರು. ಅಮ್ಮ ಒಮ್ಮೆ ನನ್ನ ಶಾಲೆಯ ಗೇಟಿನ ತನಕ ಬಂದಿದ್ದಳಂತೆ. ಹೆಡ್‌ಮಾಸ್ಟರು ಒಳಗೆ ಬಿಟ್ಟಿರಲಿಲ್ಲ. ಆಮೇಲೆ ಅಪ್ಪ ಒಂದು ಒಪ್ಪಂದಕ್ಕೆ ಬಂದರಂತೆ: ಕಾಗದ ಬರೆಯಬಹುದು, ಬರುವ ಹಾಗಿಲ್ಲ, ಬಂದರೆ ಕಾಗದವೂ ಬಂದ್.

ವಾರ್ಡಿನ ಕೊನೆಯ ಮಂಚ. ಅಮ್ಮ ತೀರಾ ಚಿಕ್ಕವಳಾಗಿದ್ದಳು. ಬಲಗೈ ಹೊದಿಕೆಯ ಮೇಲೆ ಬೇರೆ ಯಾರದೋ ಕೈಯಂತೆ ಬಿದ್ದಿತ್ತು, ಸ್ವಾಧೀನವಿರಲಿಲ್ಲ. ಶಾಪ ಗೀಪ ನಾನು ನಂಬುವವಳಲ್ಲ. ಆದರೂ ಆ ಕೈಯನ್ನು ನೋಡಲಾಗಲಿಲ್ಲ, ಎಡಗಡೆಗೆ ಹೋಗಿ ಕೂತೆ. ಅವಳ ಮಾತು ತೊದಲುತ್ತಿತ್ತು, ಆದರೆ ತಿಳಿಯುತ್ತಿತ್ತು. ಬಂದ್ಯಾ ಎಂದಳು. ಬಂದೆ ಎಂದೆ. ರಟ್ಟಿನ ಕಟ್ಟು ಬಿಚ್ಚಿ, ಹೇಳಬೇಕಾದ್ದನ್ನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಹಾಳೆ ನೋಡಿಬಿಟ್ಟಳು.

ಗುರುತು ಹಿಡಿಯಲು ಅವಳಿಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಎಡಗೈ ಎತ್ತಿ ಒಂದೊಂದೇ ಸ್ಟ್ಯಾಂಪನ್ನು ಸವರತೊಡಗಿದಳು. ಆ ಮುಖದಲ್ಲಿ ಮೂಡಿದ್ದು ಸಂತೋಷ. ಅಂಥದನ್ನು ನಾನು ಆ ಮುಖದಲ್ಲಿ ನಿರೀಕ್ಷಿಸಿರಲಿಲ್ಲ.

"ಎಲ್ಲಾ ಇಟ್ಕೊಂಡಿದೀಯಾ?" ಎಂದಳು. "ಒಂದೂ ಬಿಸಾಕಿಲ್ಲ. ಒಂದೂ ಮುದುರಿಲ್ಲ."

ಅಮ್ಮ ಉಸಿರು ತೆಗೆದುಕೊಂಡು, ಒಂದೊಂದೇ ಮಾತು ಕೂಡಿಸಿ ಹೇಳಿದಳು.

"ನಿಮ್ಮಪ್ಪ ವರ್ಷಕ್ಕೊಂದು ಕಾರ್ಡು ಹಾಕೋರು. ಮಗು ಸ್ಟ್ಯಾಂಪು ಕೂಡಿಸ್ತಾಳೆ, ತಿಂಗಳು ತಪ್ಪಿಸಬೇಡ. ಮುದ್ರೆ ಸ್ಪಷ್ಟವಾಗಿ ಬೀಳಬೇಕು, ಪೋಸ್ಟ್ ಡಬ್ಬಕ್ಕೆ ಹಾಕಬೇಡ, ಕೌಂಟರಿನಲ್ಲೇ ಕೊಡು ಅಂತ. ಹಾಗೇ ಮಾಡ್ದೆ. ಆ ಮೂರು ತಿಂಗಳು ಮಾತ್ರ ಆಪರೇಷನ್ ಆಗಿತ್ತು, ಏಳೋಕಾಗಲಿಲ್ಲ."

ಸುಟ್ಟದ್ದು ಸಿಟ್ಟಿನಿಂದ ಎಂದುಕೊಂಡಿದ್ದೆ. ಸಿಟ್ಟಾಗಿದ್ದರೆ ಒಂದು ದಿನ ಕ್ಷಮಿಸುತ್ತಿದ್ದೆನೇನೋ. ಅಪ್ಪ ಅವಳಿಗೆ ಹೇಳಿ ಬರೆಸಿದ್ದರು, ಸರಣಿ ತಪ್ಪದಿರಲಿ ಎಂದು.

"ಓದಿದ್ಯಾ?" ಎಂದಳು ಅಮ್ಮ.

ಇಲ್ಲ ಎನ್ನಬೇಕಿತ್ತು. ಅದಕ್ಕೇ ತಾನೆ ಐದು ಗಂಟೆ ಬಸ್ಸಿನಲ್ಲಿ ಕೂತು ಬಂದದ್ದು. ಅವಳ ಎಡಗೈ ಇನ್ನೂ ಸ್ಟ್ಯಾಂಪುಗಳ ಮೇಲಿತ್ತು. ಇಲ್ಲ ಎಂದರೆ ಅವಳು ಹನ್ನೊಂದು ವರ್ಷ ಬೂದಿಗೆ ಬರೆದ ಹಾಗಾಗುತ್ತಿತ್ತು. ಓದಿದೆ ಎಂದೆ.

"ಮತ್ತೆ ಯಾಕೆ ಒಂದಕ್ಕೂ ಬರೀಲಿಲ್ಲ?"

ಇದು ಬರುತ್ತದೆಂದು ನನಗೆ ಹೊಳೆದೇ ಇರಲಿಲ್ಲ. ಅಪ್ಪನ ತಪ್ಪನ್ನು ಹೊತ್ತುಕೊಳ್ಳದೆ ಬೇರೆ ದಾರಿ ಉಳಿದಿರಲಿಲ್ಲ.

"ಕೋಪ ಇತ್ತಮ್ಮ," ಎಂದೆ.

"ಇರುತ್ತೆ," ಎಂದಳು. "ಬಿಟ್ಟುಬಂದೋಳ ಮೇಲೆ ಕೋಪ ಇರದೆ ಇರುತ್ತಾ." ಆಮೇಲೆ ತುಟಿಯ ಒಂದು ಕಡೆಯಿಂದ ನಕ್ಕಳು. "ಆ ಬೆಕ್ಕಿನ ಕಥೆ ನೆನಪಿದೆಯಾ?"

ಬೈಂಡಿಂಗ್ ಅಂಗಡಿಯ ಕಾಗದದ ಚೂರಿನ ರಾಶಿಯಲ್ಲಿ ಮಲಗುವ ಒಂದು ಬೆಕ್ಕು. ಅದರ ಕಥೆಯನ್ನು ತಿಂಗಳು ತಿಂಗಳೂ ಒಂದಿಷ್ಟು ಮುಂದುವರಿಸಿ ಬರೆಯುತ್ತಿದ್ದಳಂತೆ, ನನ್ನನ್ನು ನಗಿಸಲು. ನೆನಪಿದೆ ಎಂದೆ. ಆ ಬೆಕ್ಕು ಒಮ್ಮೆ ಅಂಟಿನ ಬಕೆಟ್ಟಿಗೆ ಬಿದ್ದದ್ದನ್ನು ಹೇಳತೊಡಗಿದಳು, ಆಯಾಸವಾಯಿತು, ನಿಲ್ಲಿಸಿದಳು. ಆಮೇಲೆ ಏನಾಯ್ತು ಅಂತ ನಿಂಗೆ ಗೊತ್ತಲ್ಲ ಎಂದಳು. ಗೊತ್ತು ಎಂದೆ. ಕೇಳುವ ಹಾಗಿರಲಿಲ್ಲ. ಕಥೆ ಹನ್ನೊಂದು ವರ್ಷ ನಡೆದಿತ್ತು, ಅದನ್ನು ಕೊನೆಯ ತನಕ ಓದಿದವರು ಲೋಕದಲ್ಲಿ ಒಬ್ಬರೇ. ಅವರನ್ನು ಕೇಳಲಾರೆ.

ಎರಡು ದಿನ ಅಲ್ಲಿದ್ದೆ. ಮೂರನೆಯ ಬೆಳಿಗ್ಗೆ ಅಮ್ಮ ಹೋದಳು. ಹಾಳೆಗಳು ಅವಳ ದಿಂಬಿನ ಪಕ್ಕದಲ್ಲೇ ಇದ್ದವು. ಅವನ್ನು ಚಿಕ್ಕಮ್ಮನ ಕೈಗೆ ಕೊಟ್ಟು, ನನಗೆ ಬೇಡ, ಅಪ್ಪನಿಗಂತೂ ಬೇಡವೇ ಬೇಡ ಎಂದೆ.

ಮನೆಗೆ ಬಂದಾಗ ಅಪ್ಪ ಹಜಾರದಲ್ಲಿ ಕೂತು ಬಾಗಿಲನ್ನೇ ನೋಡುತ್ತಿದ್ದರು. ಪಕ್ಕದ ಮನೆಯವರು ತಂದಿಟ್ಟ ಊಟ ಅರ್ಧ ಮುಟ್ಟಿದ್ದರು, ಅರ್ಧ ಹಾಗೇ ಇತ್ತು. ಹೇಗಿದ್ದಾಳೆ ಎಂದು ಕೇಳಲಿಲ್ಲ, ಇದ್ದಾಳಾ ಎಂದೂ ಕೇಳಲಿಲ್ಲ. ನನ್ನ ಬರಿಗೈ ನೋಡಿ, ಹಾಳೆ ಎಲ್ಲಿ ಎಂದರು. ಆ ಊರಲ್ಲೇ ಬಿಟ್ಟು ಬಂದೆ ಎಂದೆ.

ಅಪ್ಪನ ಮುಖ ಬಿಳಿಚಿಕೊಂಡಿತು. "ಅಲ್ಲೆಲ್ಲ ತೇವ ಜಾಸ್ತಿ. ಯಾರು ನೋಡ್ಕೋತಾರೆ? ಸುರುಳಿ ಸುತ್ತಿಬಿಡುತ್ತೆ."

"ಸುತ್ತಲ್ಲ ಅಪ್ಪ," ಎಂದೆ. "ಅವಳ ಅಂಟು ಒಂದು ಚೂರೂ ಉಳೀದ ಹಾಗೆ ನಾನೇ ತೊಳೆದಿದೀನಲ್ಲ."

ಅಪ್ಪ ಸಮಾಧಾನದಿಂದ ತಲೆದೂಗಿದರು.

"ಅದೇನೋ ನಿಜ. ನಿನ್ನ ಕೆಲಸ ಅಂದ್ರೆ ಕೆಲಸ," ಎಂದರು.

ಇಷ್ಟು ವರ್ಷದಲ್ಲಿ ಅಪ್ಪ ನನ್ನನ್ನು ಹೊಗಳಿದ್ದು ಅದೊಂದೇ ಸಲ.